ಇಂಟರ್ನೆಟ್ ಕರೆ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

2003ರಲ್ಲಿ ಆರಂಭವಾದ ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ಹೊರದೇಶದಲ್ಲಿರುವ ಮಕ್ಕಳೊಡನೆ ಮಾತನಾಡಲು ಅದನ್ನೇ ನೆಚ್ಚಿಕೊಂಡಿದ್ದವರು ಆಮೇಲೆ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿದ್ದಾರೆ. ಕೆಲವರು ಬೇಸತ್ತು, ಯಾವ ಕಂಪನಿಯ ಹಂಗೂ ಬೇಡವೆಂದು ಸ್ವಂತ ಸರ್ವರ್ ಕಟ್ಟಿಕೊಳ್ಳುವ ಯೋಚನೆಗೂ ಬಂದಿದ್ದಾರೆ. ಆ ಯೋಚನೆ ಒಳ್ಳೆಯದೇ. ಆದರೆ ಇಂಟರ್ನೆಟ್ ಕರೆಯ ಹೆಚ್ಚಿನ ತೊಂದರೆಗಳು ಹುಟ್ಟುವುದು ಆ್ಯಪ್‌ನಲ್ಲಿ ಅಲ್ಲ, ಕೈಯಲ್ಲಿರುವ ಫೋನಿಗೂ ಮನೆಯ ಹೊರಗಿನ ಕೇಬಲ್ಲಿಗೂ ನಡುವಿನ ಕೆಲವೇ ಮೀಟರುಗಳಲ್ಲಿ. ಆ್ಯಪ್ ಬದಲಿಸಿದರೂ, ಸರ್ವರನ್ನೇ ಸ್ವಂತದ್ದಾಗಿಸಿಕೊಂಡರೂ ಆ ದೋಷ ಅಲ್ಲೇ ಉಳಿಯುತ್ತದೆ. ಆದ್ದರಿಂದ ಸೇವೆಯನ್ನು ಬಿಡುವ ನಿರ್ಧಾರಕ್ಕೆ ಬರುವ ಮೊದಲು ದೋಷ ಯಾವ ಭಾಗದಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು.

ಮುಂದಿನದೆಲ್ಲ ಅರ್ಥವಾಗಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಪ್ರತಿಯೊಂದು ಇಂಟರ್ನೆಟ್ ಕರೆಯಲ್ಲಿ ಎರಡು ಬೇರೆ ಬೇರೆ ಹರಿವುಗಳಿರುತ್ತವೆ. ‘ಇಂಥವರು ಕರೆಯುತ್ತಿದ್ದಾರೆ, ಎತ್ತಿದರು, ಇಟ್ಟರು’ ಎಂಬ ಸಂಕೇತ ಸಂದೇಶಗಳದ್ದು ಒಂದು. ಮಾತಿನ ಧ್ವನಿಯನ್ನು ಹೊತ್ತ ಪ್ಯಾಕೆಟ್‌ಗಳದ್ದು, ಅಂದರೆ ಮಾಹಿತಿಯ ಪುಟ್ಟ ಪೊಟ್ಟಣಗಳದ್ದು, ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಸೇವೆಯ ಸರ್ವರ್ ಮೂಲಕ ಹಾದುಹೋದರೆ, ಎರಡನೆಯದು ಸಾಧ್ಯವಾದಲ್ಲೆಲ್ಲ ಎರಡು ಫೋನುಗಳ ನಡುವೆ ನೇರವಾಗಿ ಹರಿಯಲು ನೋಡುತ್ತದೆ. ಫೋನ್ ರಿಂಗಾಗಿಯೂ ಮಾತು ಕೇಳದಿರುವುದು ಸಾಧ್ಯವಾಗುವುದು ಈ ಕಾರಣದಿಂದಲೇ.

ಮೊದಲು ಮಾಡಬೇಕಾದ, ಕಾಸು ಖರ್ಚಿಲ್ಲದ ಪರೀಕ್ಷೆಗಳು

ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ವ್ಯಕ್ತಿಗೆ ಅದೇ ಆ್ಯಪ್‌ನಿಂದ ಕರೆ ಮಾಡಿ. ತೊಂದರೆ ಮಾಯವಾದರೆ ದೋಷ ನಿಮ್ಮ ವೈಫೈ, ರೌಟರ್ ಅಥವಾ ಬ್ರಾಡ್‌ಬ್ಯಾಂಡಿನಲ್ಲಿದೆ, ಆ್ಯಪ್ ನಿರಪರಾಧಿ. ಮಾಯವಾಗದಿದ್ದರೆ ಬೇರೊಂದು ಊರಿನಲ್ಲಿರುವ ಮೂರನೆಯವರಿಗೆ ಕರೆ ಮಾಡಿ ನೋಡಿ. ಆ ಕರೆ ಸ್ವಚ್ಛವಾಗಿದ್ದರೆ ದೋಷ ಮೊದಲ ವ್ಯಕ್ತಿಯ ಕಡೆಯದ್ದು, ಮುಂದಿನ ಪರೀಕ್ಷೆಗಳನ್ನು ಅವರ ಮನೆಯಲ್ಲಿಯೇ ಮಾಡಬೇಕು. ಎಲ್ಲರೊಡನೆಯೂ, ಎರಡೂ ಬಗೆಯ ಸಂಪರ್ಕದಲ್ಲಿಯೂ ತೊಂದರೆ ಇದ್ದರೆ ಇನ್ನೊಂದು ಆ್ಯಪ್‌ನಲ್ಲಿ ಪ್ರಯತ್ನಿಸಬೇಕು. ಆಗಲೂ ಹಾಗೆಯೇ ಇದ್ದರೆ ಫೋನಿನ ಮೈಕ್, ಸ್ಪೀಕರ್ ಅಥವಾ ಇಯರ್‌ಫೋನ್ ಮೇಲೆ ಅನುಮಾನ ಪಡಬೇಕಾಗುತ್ತದೆ. ಫೋನಿನಲ್ಲಿರುವ ವಾಯ್ಸ್ ರೆಕಾರ್ಡರ್‌ನಲ್ಲಿ ಎರಡು ವಾಕ್ಯ ಮಾತನಾಡಿ ಕೇಳಿಸಿಕೊಂಡರೆ ಆ ಅನುಮಾನಕ್ಕೆ ಉತ್ತರ ಸಿಗುತ್ತದೆ.

ಇಷ್ಟನ್ನು ಮಾಡದೆ ಆ್ಯಪ್ ಅಳಿಸಿ ಮತ್ತೆ ಹಾಕುವುದು ಬಹಳ ಜನರ ಅಭ್ಯಾಸ. ಅದರಿಂದ ದೋಷದ ಬಗ್ಗೆ ಏನೂ ತಿಳಿಯುವುದಿಲ್ಲ. ಬ್ಯಾಕಪ್ ಇರದಿದ್ದರೆ ಹಳೆಯ ಸಂದೇಶಗಳೂ ಹೋಗುತ್ತವೆ.

ಲಕ್ಷಣ: ಮಾತು ತುಂಡು ತುಂಡಾಗಿ ಕೇಳುತ್ತದೆ, ನಡುನಡುವೆ ಅಕ್ಷರಗಳು ನುಂಗಿಹೋಗುತ್ತವೆ

ಅತಿ ಸಾಮಾನ್ಯವಾದ ಈ ದೂರಿಗೆ ಜನ ತಕ್ಷಣ ಕೊಡುವ ಉತ್ತರ ‘ಸ್ಪೀಡ್ ಸಾಲದು’ ಎಂಬುದು. ಲೆಕ್ಕ ಹಾಕಿದರೆ ಈ ಉತ್ತರ ನಿಲ್ಲುವುದಿಲ್ಲ. ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ; ಹಳೆಯ ಜಿ.711 ಕೋಡೆಕ್‌ನಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಪ್ರತಿ ಪ್ಯಾಕೆಟ್ಟಿನ ಮೇಲಿನ ವಿಳಾಸದ ವಿವರವೂ ಸೇರಿ ಪ್ರತಿ ದಿಕ್ಕಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್ ಆಗುತ್ತದೆ. 2012ರಲ್ಲಿ ಮಾನಕವಾಗಿ ಪ್ರಕಟವಾದ, ಇಂದು ಹೆಚ್ಚಿನ ಆ್ಯಪ್‌ಗಳು ಬಳಸುವ ಓಪಸ್ ಕೋಡೆಕ್ ಇದರ ಅರ್ಧದಷ್ಟರಲ್ಲೇ ಇನ್ನೂ ಚೆನ್ನಾದ ಧ್ವನಿ ಕೊಡುತ್ತದೆ. 40 ಮೆಗಾಬಿಟ್ ಬ್ರಾಡ್‌ಬ್ಯಾಂಡ್ ಇರುವ ಮನೆಯಲ್ಲಿ ಒಂದು ಧ್ವನಿ ಕರೆಗೆ ಜಾಗ ಸಾಲದೆ ಹೋಗುವ ಮಾತೇ ಇಲ್ಲ. ಆದ್ದರಿಂದ ಸ್ಪೀಡ್ ಟೆಸ್ಟ್‌ನಲ್ಲಿ ದೊಡ್ಡ ಅಂಕಿ ಬಂದಿತೆಂದು ಸಮಾಧಾನಪಡುವುದೂ, ಇನ್ನೂ ದೊಡ್ಡ ಪ್ಲ್ಯಾನ್ ಕೊಳ್ಳುವುದೂ ಎರಡೂ ದಾರಿ ತಪ್ಪಿಸುವಂಥವು. ಕರೆಗೆ ಬೇಕಾದದ್ದು ವೇಗವಲ್ಲ, ಸಮತೆ. ಪ್ರತಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ತಪ್ಪದೆ, ಹೆಚ್ಚು ಹಿಂದುಮುಂದಾಗದೆ ತಲುಪಬೇಕು.

ಸಮತೆ ಎಲ್ಲಿ ಕೆಡುತ್ತಿದೆ ಎಂದು ನೋಡಲು ಪಿಂಗ್, ಅಂದರೆ ಪುಟ್ಟ ಪ್ಯಾಕೆಟ್ ಕಳಿಸಿ ಅದು ಹೋಗಿಬರುವ ಸಮಯ ಅಳೆಯುವ ಆಜ್ಞೆ, ಸಾಕು. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೌಟರಿನ ವಿಳಾಸಕ್ಕೆ, ಅಂದರೆ ಸಾಮಾನ್ಯವಾಗಿ 192.168.1.1 ಅಥವಾ 192.168.0.1ಕ್ಕೆ, ನೂರು ಪಿಂಗ್ ಕಳಿಸಿ, ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ ಸರ್ವರ್ 8.8.8.8ಕ್ಕೆ ನೂರು ಕಳಿಸಿ. ರೌಟರಿಗೆ ಹೋಗಿಬರುವ ಸಮಯ ಕೆಲವೇ ಮಿಲಿಸೆಕೆಂಡುಗಳಲ್ಲಿ ನಿಂತಿರಬೇಕು. ಅಲ್ಲಿಯೇ ಅದು ನೂರಕ್ಕೆ, ಇನ್ನೂರಕ್ಕೆ ಜಿಗಿಯುತ್ತಿದ್ದರೆ ಅಥವಾ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದರೆ ದೋಷ ನಿಮ್ಮ ವೈಫೈಯಲ್ಲಿದೆ. ರೌಟರಿನವರೆಗೆ ಎಲ್ಲ ಸರಿಯಾಗಿದ್ದು 8.8.8.8ಕ್ಕೆ ಹೋಗುವಾಗ ಮಾತ್ರ ಏರುಪೇರಾದರೆ ದೋಷ ಅದರಾಚೆಯದ್ದು.

ವೈಫೈ ದೋಷವಾದರೆ ಅಗ್ಗದ ಮದ್ದು ಲ್ಯಾನ್ ಕೇಬಲ್. ಕಂಪ್ಯೂಟರಿನಿಂದ ಕರೆ ಮಾಡುವವರು ಮೊದಲು ಅದನ್ನೇ ಹಾಕಿ ನೋಡಬೇಕು. ಫೋನಿನಲ್ಲೇ ಮಾತನಾಡಬೇಕಾದರೆ ರೌಟರ್ ಇರುವ ಕೋಣೆಯಲ್ಲಿ ಕುಳಿತು 5 ಗಿಗಾಹರ್ಟ್ಸ್ ಹೆಸರಿನ ವೈಫೈಗೆ ಸೇರಿಕೊಳ್ಳಿ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11, ಈ ಮೂರೇ. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಅಕ್ಕಪಕ್ಕದ ಇಪ್ಪತ್ತು ಮನೆಗಳು ಇವನ್ನೇ ಹಂಚಿಕೊಳ್ಳುತ್ತಿರುತ್ತವೆ, ಮೈಕ್ರೋವೇವ್ ಓವನ್ ಕೂಡ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸ್ ಅಷ್ಟು ಕಿಕ್ಕಿರಿದಿಲ್ಲವಾದರೂ ಗೋಡೆಗಳನ್ನು ದಾಟುವುದು ಅದಕ್ಕೆ ಕಷ್ಟ. ಕರಾವಳಿಯ ಹಳೆಯ ಮನೆಗಳ ದಪ್ಪ ಮುರಕಲ್ಲಿನ ಗೋಡೆಯಾಚೆ ಅದರ ಬಲ ಬೇಗ ಕುಗ್ಗುತ್ತದೆ. ಅಂಥ ಮನೆಯಲ್ಲಿ ದುಬಾರಿ ರೌಟರ್ ಕೊಳ್ಳುವುದಕ್ಕಿಂತ ಒಂದು ಕೇಬಲ್ ಎಳೆದು ಒಳಕೋಣೆಯಲ್ಲಿ ಎರಡನೆಯ ವೈಫೈ ಪೆಟ್ಟಿಗೆ ಇಡುವುದು ಲೇಸು.

ದಿನವೆಲ್ಲ ಸರಿಯಾಗಿದ್ದು ಕೆಲವು ಹೊತ್ತಿನಲ್ಲಿ ಮಾತ್ರ ಮಾತು ತುಂಡಾಗುತ್ತಿದ್ದರೆ, ಆ ಹೊತ್ತಿನಲ್ಲಿ ಮನೆಯಿಂದ ಹೊರಗೆ ಏನು ಅಪ್‌ಲೋಡ್ ಆಗುತ್ತಿದೆ ಎಂದು ನೋಡಿ. ಮದುವೆಗೆ ಹೋಗಿಬಂದ ಫೋನು ನೂರಾರು ಫೋಟೊಗಳನ್ನು ಬ್ಯಾಕಪ್ ಮಾಡುತ್ತಿರಬಹುದು. ಸಿಸಿ ಕ್ಯಾಮೆರಾ ತನ್ನ ವಿಡಿಯೊವನ್ನು ಕ್ಲೌಡಿಗೆ ಕಳಿಸುತ್ತಿರಬಹುದು. ರೌಟರ್ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಟೋಲ್ ಗೇಟಿನಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಆಂಬ್ಯುಲೆನ್ಸಿನಂತೆ ಮಾತಿನ ಪುಟ್ಟ ಪ್ಯಾಕೆಟ್ ಕಾಯುತ್ತದೆ. ಪರೀಕ್ಷೆ ಸುಲಭ: 8.8.8.8ಕ್ಕೆ ಪಿಂಗ್ ಓಡುತ್ತಿರುವಾಗ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 20 ಮಿಲಿಸೆಕೆಂಡ್ ಇದ್ದದ್ದು 400ಕ್ಕೆ ಏರಿದರೆ ಕಾರಣ ಸಿಕ್ಕಂತೆ. ಬ್ಯಾಕಪ್‌ಗೆ ರಾತ್ರಿಯ ವೇಳೆ ನಿಗದಿಪಡಿಸುವುದು ಉಚಿತ ಪರಿಹಾರ. ರೌಟರಿನ ತಂತ್ರಾಂಶ ಬದಲಿಸುವ ಧೈರ್ಯವಿರುವವರು, ತಮ್ಮ ಮಾದರಿಗೆ ಅದು ಹೊಂದುತ್ತದೆಯೆಂದು ಖಚಿತಪಡಿಸಿಕೊಂಡು, ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿ, ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಅದರ ಎಸ್‌ಕ್ಯೂಎಂ ಸೌಲಭ್ಯದಲ್ಲಿ ಅಳೆದ ವೇಗದ ಶೇ 85ರಿಂದ 90ರಷ್ಟನ್ನು ಮಿತಿಯಾಗಿ ಕೊಟ್ಟರೆ ಸಾಲು ಕರಗುತ್ತದೆ. ತಪ್ಪು ಫೈಲ್ ಹಾಕಿದರೆ ರೌಟರೇ ಸತ್ತುಹೋಗುತ್ತದೆ; ಬಾಡಿಗೆಗೆ ಬಂದ, ಅಂದರೆ ಕಂಪನಿಯವರೇ ಕೊಟ್ಟ ರೌಟರಿನಲ್ಲಿ ಈ ಸಾಹಸ ಬೇಡ.

ಕೇಬಲ್ ಹಾಕಿ, ಬೇರೆಲ್ಲ ಸಾಧನಗಳನ್ನು ಕಳಚಿ, ಹಲವು ವೇಳೆಗಳಲ್ಲಿ ಪಿಂಗ್ ನೋಡಿದಾಗಲೂ ಶೇ 1ಕ್ಕಿಂತ ಹೆಚ್ಚು ಪ್ಯಾಕೆಟ್‌ಗಳು ಕಳೆಯುತ್ತಿದ್ದರೆ ಮನೆಯಲ್ಲಿ ಮಾಡುವುದೇನೂ ಉಳಿದಿಲ್ಲ. ಬ್ರಾಡ್‌ಬ್ಯಾಂಡ್‌ನವರನ್ನು ಕರೆಯಿರಿ. ಫೈಬರ್ ತಂತಿಯನ್ನು ತಾವೇ ಕಳಚಿ ತುದಿಯೊಳಗೆ ಇಣುಕಬಾರದು. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು. ತುದಿಗೆ ಬೆರಳು ತಾಗಿಸಿದರೂ ಕೊಳೆ ಹತ್ತಿ ಬೆಳಕು ಕುಗ್ಗುತ್ತದೆ.

ಲಕ್ಷಣ: ನನ್ನ ಮಾತು ನನಗೇ ತಿರುಗಿ ಕೇಳುತ್ತದೆ

ಪ್ರತಿಧ್ವನಿ ಯಾರಿಗೆ ಕೇಳುತ್ತದೆಯೋ ದೋಷ ಅವರ ಕಡೆ ಇರುವುದಿಲ್ಲ. ಆಚೆಯವರ ಸ್ಪೀಕರಿನಿಂದ ಹೊರಬಂದ ನಿಮ್ಮ ದನಿಯನ್ನು ಅವರದೇ ಮೈಕ್ ಹಿಡಿದು ಮರಳಿ ಕಳಿಸುತ್ತಿದೆ. ಆಚೆಯವರು ಇಯರ್‌ಫೋನ್ ಹಾಕಿಕೊಂಡರೆ ಅಥವಾ ಸ್ಪೀಕರಿನ ದನಿ ತಗ್ಗಿಸಿದರೆ ನಿಲ್ಲುತ್ತದೆ. ಒಂದೇ ಕೋಣೆಯಲ್ಲಿ ಎರಡು ಫೋನುಗಳು ಅದೇ ಕರೆಗೆ ಸೇರಿದ್ದರೆ ಒಂದನ್ನು ಮ್ಯೂಟ್ ಮಾಡಬೇಕು.

ಲಕ್ಷಣ: ಮಾತು ಸ್ವಚ್ಛವಾಗಿದೆ, ಆದರೆ ಒಬ್ಬರ ಮೇಲೊಬ್ಬರು ಮಾತನಾಡುವಂತಾಗುತ್ತದೆ

ಇದು ವಿಳಂಬದ ಲಕ್ಷಣ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ, 400 ದಾಟಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಭೂಮಿಯ ಮೇಲ್ಮೈಯ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುವುದರಿಂದ 70 ಮಿಲಿಸೆಕೆಂಡನ್ನು ಯಾವ ಆ್ಯಪ್ ಕೂಡ ಉಳಿಸಲಾರದು. ಕಡಲಡಿಯ ತಂತಿಗಳ ಸುತ್ತುದಾರಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ನಮ್ಮ ಕೈಯಲ್ಲಿರುವುದು ಎರಡು. ಬ್ಲೂಟೂತ್ ಇಯರ್‌ಫೋನ್ ಬದಲು ತಂತಿಯದ್ದನ್ನು ಬಳಸುವುದು ಒಂದು. ಕರೆಯನ್ನು ಸರ್ವರ್ ಮೂಲಕ ಸುತ್ತಿಸುವ ಆಯ್ಕೆ ತಿಳಿಯದೆ ಆನ್ ಆಗಿದೆಯೇ ಎಂದು ನೋಡುವುದು ಇನ್ನೊಂದು: ವಾಟ್ಸ್‌ಆ್ಯಪ್‌ನಲ್ಲಿ ಕರೆಗಳ ಸಮಯದಲ್ಲಿ ಐಪಿ ವಿಳಾಸವನ್ನು ರಕ್ಷಿಸುವ ಆಯ್ಕೆಯೂ, ಸಿಗ್ನಲ್‌ನಲ್ಲಿ ಕರೆಗಳನ್ನು ಯಾವಾಗಲೂ ರಿಲೇ ಮಾಡುವ ಆಯ್ಕೆಯೂ ಇಂಥವು. ಅಪರಿಚಿತರೊಡನೆ ಮಾತನಾಡುವವರಿಗೆ ಅವು ಒಳ್ಳೆಯ ರಕ್ಷಣೆ. ಮನೆಯವರೊಡನೆ ಮಾತ್ರ ಮಾತನಾಡುವವರು ಆಫ್ ಮಾಡಿ ವ್ಯತ್ಯಾಸ ನೋಡಬಹುದು.

ಲಕ್ಷಣ: ರಿಂಗಾಗುತ್ತದೆ, ಎತ್ತುತ್ತಾರೆ, ಆದರೆ ಒಂದು ಕಡೆಯ ಮಾತು ಮಾತ್ರ ಕೇಳುತ್ತದೆ

ಮೊದಲು ಸರಳ ಕಾರಣಗಳು. ಯಾರ ಮಾತು ಕೇಳಿಸುತ್ತಿಲ್ಲವೋ ಅವರ ಫೋನಿನಲ್ಲಿ ಆ್ಯಪ್‌ಗೆ ಮೈಕ್ರೋಫೋನ್ ಅನುಮತಿ ಇದೆಯೇ, ಮ್ಯೂಟ್ ಒತ್ತಿದೆಯೇ, ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯಲ್ಲಿದ್ದು ಮೈಕ್ ಅದಕ್ಕೆ ಸೇರಿಕೊಂಡಿದೆಯೇ ಎಂದು ನೋಡಿ. ವಾಟ್ಸ್‌ಆ್ಯಪ್, ಸಿಗ್ನಲ್‌ನಂಥ ಸಿದ್ಧ ಆ್ಯಪ್‌ಗಳಲ್ಲಿ ಈ ಲಕ್ಷಣಕ್ಕೆ ಕಾರಣ ಹೆಚ್ಚಾಗಿ ಇಷ್ಟರಲ್ಲೇ ಇರುತ್ತದೆ, ಏಕೆಂದರೆ ಧ್ವನಿಗೆ ನೇರ ದಾರಿ ಸಿಗದಿದ್ದಾಗ ಅವು ತಮ್ಮ ಸರ್ವರ್ ಮೂಲಕ ಸುತ್ತುದಾರಿ ಕಲ್ಪಿಸಿಕೊಳ್ಳುತ್ತವೆ.

ಎಸ್‌ಐಪಿ ಬಳಸುವವರ ಕಥೆ ಬೇರೆ. ಎಸ್‌ಐಪಿ ಎಂಬುದು ಕರೆ ಕೂಡಿಸುವ ಮುಕ್ತ ಮಾನಕ. ಇಂದಿನ ರೂಪದಲ್ಲಿ 2002ರಿಂದ ಬಳಕೆಯಲ್ಲಿದೆ. ಲಿನ್‌ಫೋನ್ ಆ್ಯಪ್ ಆಗಲಿ, ಆಸ್ಟರಿಸ್ಕ್ ಸರ್ವರ್ ಆಗಲಿ ಬಳಸುವುದು ಇದನ್ನೇ. ಇಲ್ಲಿ ಪ್ರತಿ ಫೋನು ತನ್ನ ಸಂದೇಶದೊಳಗೆ ‘ಧ್ವನಿಯನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಬರೆದುಕೊಡುತ್ತದೆ. ಮನೆಯೊಳಗಿನ ಫೋನಿಗೆ ಗೊತ್ತಿರುವುದು 192.168ರಿಂದ ಆರಂಭವಾಗುವ ಒಳವಿಳಾಸ ಮಾತ್ರ. ಆಚೆಯ ಫೋನು ಆ ವಿಳಾಸಕ್ಕೆ ಧ್ವನಿ ಕಳಿಸಿದರೆ ಅದು ಎಲ್ಲಿಗೂ ತಲುಪುವುದಿಲ್ಲ. ನೀವು ಕಳಿಸಿದ್ದು ಅವರಿಗೆ ಮುಟ್ಟುತ್ತದೆ, ಅವರದ್ದು ನಿಮಗೆ ಮುಟ್ಟುವುದಿಲ್ಲ.

ಪರಿಹಾರಗಳನ್ನು ಈ ಅನುಕ್ರಮದಲ್ಲಿ ಪ್ರಯತ್ನಿಸಬೇಕು. ರೌಟರಿನ ಪುಟದಲ್ಲಿ ‘ಎಸ್‌ಐಪಿ ಎಎಲ್‌ಜಿ’ ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ರೌಟರನ್ನು ಮತ್ತೆ ಚಾಲೂ ಮಾಡಿ. ಎಸ್‌ಐಪಿ ಸಂದೇಶಗಳ ಒಳಗಿನ ವಿಳಾಸವನ್ನು ತಾನೇ ತಿದ್ದಿ ನೆರವಾಗಬೇಕೆಂದು ಇದನ್ನು ಇಟ್ಟಿದ್ದಾರೆ. ಅರ್ಧಂಬರ್ಧ ತಿದ್ದಿ ಕೆಡಿಸುವುದೇ ಹೆಚ್ಚು. ಆಯ್ಕೆ ಕಾಣದಿದ್ದರೆ ಫೋನಿನ ಆ್ಯಪ್‌ನಲ್ಲಿ ಸಾಗಣೆಯ ವಿಧಾನವನ್ನು ಯುಡಿಪಿಯಿಂದ ಟಿಎಲ್‌ಎಸ್‌ಗೆ ಬದಲಿಸಿ. ಸಂದೇಶ ಗೂಢವಾಗಿ ಹೋಗುವುದರಿಂದ ರೌಟರಿಗೆ ಅದನ್ನು ಓದಲೂ ಆಗುವುದಿಲ್ಲ, ತಿದ್ದಲೂ ಆಗುವುದಿಲ್ಲ. ಬಳಿಕ ಸ್ಟನ್ ಸರ್ವರಿನ ವಿಳಾಸ ತುಂಬಿ, ಧ್ವನಿ ಹೋಗಬಲ್ಲ ದಾರಿಯನ್ನು ಪರೀಕ್ಷಿಸಿ ಹುಡುಕುವ ಐಸಿಇ ಆಯ್ಕೆಯನ್ನು ಆನ್ ಮಾಡಿ. ಹೊರಜಗತ್ತಿಗೆ ತನ್ನ ವಿಳಾಸ ಹೇಗೆ ಕಾಣುತ್ತದೆ ಎಂದು ಫೋನು ಸ್ಟನ್ ಮೂಲಕ ಕೇಳಿ ತಿಳಿಯುತ್ತದೆ. ಎರಡೂ ಕಡೆಯವರು ಬಿಗಿಯಾದ ಜಾಲಗಳ ಹಿಂದಿದ್ದರೆ ಸ್ಟನ್ ಸಾಲದು, ಧ್ವನಿಯನ್ನೇ ಹೊತ್ತು ದಾಟಿಸುವ ಟರ್ನ್ ಸರ್ವರ್ ಬೇಕು. ಕೋಟರ್ನ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಸಾರ್ವಜನಿಕ ಐಪಿ ವಿಳಾಸವಿರುವ ಯಂತ್ರ ಬೇಕಾಗುತ್ತದೆ.

ನಿಮ್ಮ ಮನೆಗೆ ಅಂಥ ವಿಳಾಸವಿದೆಯೇ? ರೌಟರಿನ ಪುಟದಲ್ಲಿ ವ್ಯಾನ್ ಐಪಿ ಎಂದು ತೋರುವುದನ್ನೂ, ‘ನನ್ನ ಐಪಿ ಯಾವುದು’ ಎಂದು ತಿಳಿಸುವ ಜಾಲತಾಣ ತೋರುವುದನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ಇದೆ. ಬೇರೆಯಾಗಿದ್ದರೆ, ಅದರಲ್ಲೂ ರೌಟರಿನದ್ದು 100.64ರಿಂದ 100.127ರ ನಡುವೆ ಇದ್ದರೆ, ಕಂಪನಿಯವರು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಹಾಕಿದ್ದಾರೆ ಎಂದು ಅರ್ಥ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಆಗ ರೌಟರಿನಲ್ಲಿ ಎಷ್ಟು ಪೋರ್ಟ್ (ಸಂಪರ್ಕ ಒಳಬರುವ, ಸಂಖ್ಯೆಯಿಟ್ಟ ಬಾಗಿಲು) ತೆರೆದರೂ ಹೊರಗಿನವರು ಒಳಗೆ ಬರಲಾರರು. ಸ್ವಂತ ಸರ್ವರಿನ ಆಸೆ ಇರುವವರು ಬೇರೆಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಲಕ್ಷಣ: ಕರೆ ಪ್ರತಿ ಬಾರಿಯೂ ಅದೇ ಹೊತ್ತಿಗೆ ಕಡಿದುಹೋಗುತ್ತದೆ

ಗಡಿಯಾರ ಹಿಡಿದು ನೋಡಿ. ಎತ್ತಿದ ಸುಮಾರು 32 ಸೆಕೆಂಡಿಗೆ ಎಸ್‌ಐಪಿ ಕರೆ ಕಡಿದರೆ ಅದು ಕಾಕತಾಳೀಯವಲ್ಲ. ಎತ್ತಿದವರ ಕಡೆಯಿಂದ ‘ಎತ್ತಿದ್ದೇನೆ’ ಎಂಬ ಸಂದೇಶ ಹೋಗುತ್ತದೆ. ‘ತಿಳಿಯಿತು’ ಎಂಬ ಮಾರುತ್ತರ ಬರುವವರೆಗೆ ಅದು ಮತ್ತೆ ಮತ್ತೆ ಹೋಗುತ್ತಿರುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದರೂ ಬಾರದಿದ್ದರೆ ಕರೆಯನ್ನು ಮುಗಿಸಬೇಕೆಂಬುದು ಮಾನಕದಲ್ಲಿಯೇ ಇರುವ ನಿಯಮ. ಆ ಮಾರುತ್ತರ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಹಿಂದಿನ ಭಾಗದಲ್ಲಿ ಹೇಳಿದ ಎಎಲ್‌ಜಿ ಮತ್ತು ಒಳವಿಳಾಸದ ಪರಿಹಾರಗಳೇ ಇದಕ್ಕೂ ಮದ್ದು.

15 ಅಥವಾ 30 ನಿಮಿಷದ ಆಸುಪಾಸಿನಲ್ಲಿ ಕಡಿಯುವುದು ಇನ್ನೊಂದು ಗುರುತು. ಕರೆ ಜೀವಂತವಾಗಿದೆಯೇ ಎಂದು ಆಗಾಗ ಕೇಳುವ ಸೆಷನ್ ಟೈಮರ್ ಸಾಮಾನ್ಯವಾಗಿ 1800 ಸೆಕೆಂಡಿಗೆ ನಿಗದಿಯಾಗಿದ್ದು, ಅದರ ಅರ್ಧದಲ್ಲಿ ವಿಚಾರಣೆ ಹೋಗುತ್ತದೆ. ಉತ್ತರ ಬಾರದಿದ್ದರೆ ಕರೆ ಮುಗಿಯುತ್ತದೆ. ಯಾವ ಲೆಕ್ಕಕ್ಕೂ ಸಿಗದೆ, ಮನೆಯಲ್ಲಿ ಅತ್ತಿತ್ತ ನಡೆದಾಡುವಾಗ ಕಡಿದರೆ ಫೋನು ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಜಾರುತ್ತಿದೆ. ಕರೆಯ ಹೊತ್ತಿಗೆ ಎರಡರಲ್ಲಿ ಒಂದನ್ನು ಆಫ್ ಮಾಡಿಡುವುದು ಸಾಕು.

ಲಕ್ಷಣ: ನಾನು ಕರೆಯಬಲ್ಲೆ, ಆದರೆ ನನಗೆ ಬರುವ ಕರೆ ರಿಂಗಾಗುವುದಿಲ್ಲ

ಆಂಡ್ರಾಯ್ಡ್ ಫೋನಿನಲ್ಲಿ ಮೊದಲ ಅನುಮಾನ ಬ್ಯಾಟರಿ ಉಳಿಸುವ ವ್ಯವಸ್ಥೆಯ ಮೇಲೆ. ಪರದೆ ಆರಿದ ಮೇಲೆ ಆ್ಯಪ್ಅನ್ನು ಮಲಗಿಸುವ ಚಟ ಕೆಲವು ತಯಾರಕರ ಫೋನುಗಳಿಗೆ ಅತಿಯಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು ‘ನಿರ್ಬಂಧವಿಲ್ಲ’ ಎಂದು ಬದಲಿಸಿ, ಹಿನ್ನೆಲೆ ಡೇಟಾಕ್ಕೂ ಅಧಿಸೂಚನೆಗೂ ಅನುಮತಿ ಕೊಡಿ. ಎಸ್‌ಐಪಿ ಆ್ಯಪ್ ಆದರೆ ಇನ್ನೊಂದು ಕಾರಣವೂ ಇದೆ: ಸದ್ದಿಲ್ಲದ ಯುಡಿಪಿ ಸಂಪರ್ಕವನ್ನು ಅನೇಕ ರೌಟರುಗಳು 30ರಿಂದ 60 ಸೆಕೆಂಡಿನಲ್ಲಿ ಮರೆತುಬಿಡುತ್ತವೆ. ಸಂಪರ್ಕ ಜೀವಂತವಿದೆಯೆಂದು ತಿಳಿಸುವ ಪುಟ್ಟ ಸಂದೇಶಗಳ ನಡುವಿನ, ಅಂದರೆ ಕೀಪ್ ಅಲೈವ್ ಅವಧಿಯನ್ನು 20ರಿಂದ 25 ಸೆಕೆಂಡಿಗೆ ಇಟ್ಟರೆ ದಾರಿ ತೆರೆದಿರುತ್ತದೆ, ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ.

ಲಕ್ಷಣ: ನಡುರಾತ್ರಿ ‘100’, ‘1001’ ಎಂಬ ಸಂಖ್ಯೆಗಳಿಂದ ರಿಂಗಾಗುತ್ತದೆ, ಎತ್ತಿದರೆ ಯಾರೂ ಇಲ್ಲ

ಇದು ದೋಷವಲ್ಲ, ದಾಳಿಯ ಮುನ್ಸೂಚನೆ. ಎಸ್‌ಐಪಿಯ 5060ನೆಯ ಪೋರ್ಟ್ ಎಲ್ಲಿ ತೆರೆದಿದೆ ಎಂದು ಇಂಟರ್ನೆಟ್ಟಿನಲ್ಲಿ ಹಗಲಿರುಳು ತಡಕುವ ಯಂತ್ರಗಳಿವೆ. ಅವು ನಿಮ್ಮ ಫೋನನ್ನೋ ಸರ್ವರನ್ನೋ ಕಂಡುಕೊಂಡಿವೆ. ಫೋನ್ ಮಾತ್ರ ಇದ್ದರೆ ರೌಟರಿನಲ್ಲಿ ಆ ಪೋರ್ಟ್ ಮುಚ್ಚಿ, ತನ್ನ ಸರ್ವರಿನಿಂದಲ್ಲದೆ ಬೇರೆಡೆಯಿಂದ ಬರುವ ಕರೆಗಳನ್ನು ತಿರಸ್ಕರಿಸುವ ಆಯ್ಕೆಯನ್ನು ಆನ್ ಮಾಡಿ. ಸರ್ವರ್ ಇದ್ದು, ಅದಕ್ಕೆ ಹಣ ತುಂಬಿದ ಹೊರಕರೆ ಖಾತೆಯೂ ಸೇರಿದ್ದರೆ ಅದೇ ಕ್ಷಣ ಆ ಖಾತೆಯನ್ನು ಕಳಚಿಡಿ. ‘1001’ ಎಂಬ ಒಳಸಂಖ್ಯೆಗೆ ‘1001’ ಎಂಬುದೇ ಪಾಸ್‌ವರ್ಡ್ ಆಗಿರುವ ಸರ್ವರನ್ನು ಹಿಡಿದು, ದುಬಾರಿ ವಿದೇಶಿ ಸಂಖ್ಯೆಗಳಿಗೆ ರಾತ್ರಿಯಿಡೀ ಕರೆ ಮಾಡಿ ಬಿಲ್ಲು ಏರಿಸುವುದೇ ಈ ತಡಕಾಟದ ಉದ್ದೇಶ.

ಲಕ್ಷಣ: ಸಂದೇಶ ಹೋಗುತ್ತದೆ, ಫೋಟೊ ಹೋಗುತ್ತದೆ, ಕರೆ ಮಾತ್ರ ಕೂಡುವುದಿಲ್ಲ

ದುಬೈ, ಅಬುಧಾಬಿಯಲ್ಲಿ ಇರುವವರೊಡನೆ ಮಾತನಾಡುವ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದು ಹಳೆಯ ಕಿರಿಕಿರಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅನುಮತಿ ಪಡೆದ ಆ್ಯಪ್‌ಗಳಿಗೆ ಮಾತ್ರ ಇಂಟರ್ನೆಟ್ ಕರೆಯ ಅವಕಾಶವಿದ್ದು, ಉಳಿದವುಗಳ ಕರೆಯ ಹರಿವನ್ನು ಜಾಲದಲ್ಲಿಯೇ ತಡೆಯಲಾಗುತ್ತದೆ. ರೌಟರ್ ಬದಲಿಸಿ, ಫೋನ್ ರೀಸೆಟ್ ಮಾಡಿ ಪ್ರಯೋಜನವಿಲ್ಲ. ವಿಪಿಎನ್ (ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಗೂಢವಾಗಿ ಸಾಗಿಸುವ ವ್ಯವಸ್ಥೆ) ಹಾಕಿಕೊಳ್ಳಿ ಎಂಬ ಸಲಹೆ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಅಲ್ಲಿನ 2021ರ ಸೈಬರ್ ಅಪರಾಧ ಕಾಯ್ದೆಯಡಿ ಅಪರಾಧವೆಸಗಲು ಐಪಿ ವಿಳಾಸ ಮರೆಮಾಚುವುದಕ್ಕೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಊರಿನಲ್ಲಿ ಕುಳಿತು ಅಂಥ ಸಲಹೆ ಕೊಡುವುದು ಸುಲಭ, ಅದರ ಪರಿಣಾಮ ಅನುಭವಿಸಬೇಕಾದವರು ಅಲ್ಲಿರುವವರು. ಅಲ್ಲಿ ಅನುಮತಿಯಿರುವ ಬೋಟಿಮ್‌ನಂಥ ಆ್ಯಪ್ಅನ್ನು ಎರಡೂ ಕಡೆ ಹಾಕಿಕೊಳ್ಳುವುದೇ ಸರಿಯಾದ ದಾರಿ.

ಸ್ವಂತ ವ್ಯವಸ್ಥೆಗೆ ಹೋಗುವುದಾದರೆ

ಮೇಲಿನ ಪರೀಕ್ಷೆಗಳೆಲ್ಲ ಮುಗಿದು ದೋಷ ಸೇವೆಯದ್ದೇ ಎಂದು ಸಾಬೀತಾದವರಿಗೆ, ಅಥವಾ ಒಂದು ಕಂಪನಿಯ ಮುಚ್ಚುವ ನಿರ್ಧಾರಕ್ಕೆ ತಲೆಬಾಗುವುದು ಬೇಡವೆನ್ನುವವರಿಗೆ, ಸುಲಭದಿಂದ ಕಷ್ಟಕ್ಕೆ ಹೋಗುವ ಕೆಲವು ದಾರಿಗಳಿವೆ. ಇವೆಲ್ಲ ಆ್ಯಪ್‌ನಿಂದ ಆ್ಯಪ್‌ಗೆ ಉಚಿತ. ಸಾಮಾನ್ಯ ಮೊಬೈಲ್ ಸಂಖ್ಯೆಗೆ ‘ಉಚಿತ ಕರೆ’ ಎನ್ನುವ ಜಾಹೀರಾತನ್ನು ನಂಬಬೇಡಿ. ಆ ಕರೆಯನ್ನು ಮುಟ್ಟಿಸುವ ದೂರವಾಣಿ ಕಂಪನಿಗೆ ಯಾರಾದರೊಬ್ಬರು ಹಣ ಕೊಡಲೇಬೇಕು.

ಲಿನ್‌ಫೋನ್ ಅತ್ಯಂತ ಸರಳವಾದದ್ದು. ಉಚಿತ ಎಸ್‌ಐಪಿ ಖಾತೆ ಅವರದೇ ಸರ್ವರಿನಲ್ಲಿ ಸಿಗುತ್ತದೆ, ಸರ್ವರ್ ನೋಡಿಕೊಳ್ಳುವ ತಲೆನೋವಿಲ್ಲ. ಗೂಢಲಿಪಿಗೆ ಝಡ್‌ಆರ್‌ಟಿಪಿ ಆರಿಸಿಕೊಂಡರೆ ಪರದೆಯ ಮೇಲೆ ಪುಟ್ಟ ಗುರುತಕ್ಷರಗಳು ಕಾಣುತ್ತವೆ. ಇಬ್ಬರೂ ಅವನ್ನು ಓದಿ ಹೊಂದಿಸಿ ನೋಡಿದರೆ ನಡುವೆ ಯಾರೂ ಕದ್ದು ಕೇಳುತ್ತಿಲ್ಲವೆಂದು ಖಚಿತವಾಗುತ್ತದೆ.

ಹಲವರು ಒಟ್ಟಿಗೆ ಸೇರಬೇಕಾದರೆ ಜಿಟ್ಸಿ ಮೀಟ್ ಎಂಬ ವಿಡಿಯೊ ಸಭೆಯ ತಂತ್ರಾಂಶವಿದೆ. ಅದರ ಸಾರ್ವಜನಿಕ ತಾಣದಲ್ಲಿ ಕೋಣೆ ತೆರೆಯುವವರು 2023ರ ಆಗಸ್ಟ್‌ನಿಂದ ಲಾಗಿನ್ ಆಗಬೇಕು, ಉಳಿದವರಿಗೆ ಕೊಂಡಿ ಒತ್ತಿದರೆ ಸಾಕು. ಇದನ್ನು ಸ್ವಂತ ಯಂತ್ರದಲ್ಲಿ ಹಾಕಿಕೊಂಡವರು ಎದುರಿಸುವ ಒಂದು ವಿಚಿತ್ರ ದೋಷ ಹೇಳಲೇಬೇಕಾದದ್ದು: ಇಬ್ಬರಿದ್ದಾಗ ಮಾತೂ ಚಿತ್ರವೂ ಚೆನ್ನಾಗಿರುತ್ತವೆ, ಮೂರನೆಯವರು ಬಂದ ಕೂಡಲೇ ಎಲ್ಲರದೂ ಮಾಯ. ಇಬ್ಬರಿದ್ದಾಗ ಹರಿವು ಅವರ ನಡುವೆ ನೇರವಾಗಿರುತ್ತದೆ, ಮೂವರಾದಾಗ ಸರ್ವರಿನ ವಿಡಿಯೊಬ್ರಿಡ್ಜ್ ಮೂಲಕ ಯುಡಿಪಿಯ 10000ನೆಯ ಪೋರ್ಟಿಗೆ ತಿರುಗುತ್ತದೆ. ಆ ಪೋರ್ಟ್ ಫೈರ್‌ವಾಲ್‌ನಲ್ಲಿ ಮುಚ್ಚಿದೆ, ಇಲ್ಲವೆ ಸರ್ವರಿಗೆ ತನ್ನ ಹೊರವಿಳಾಸ ತಿಳಿದಿಲ್ಲ.

ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೂಲೆಯಲ್ಲಿ ಬಿದ್ದಿದ್ದರೆ ಮಂಬಲ್ ಎಂಬ ಗುಂಪುಮಾತಿನ ಸರ್ವರ್ ಹಾಕಬಹುದು. ವಿಳಂಬ ಬಹಳ ಕಡಿಮೆ. ಇಲ್ಲಿ ರಿಂಗಾಗುವುದಿಲ್ಲ, ಎಲ್ಲರೂ ಒಂದು ಕೋಣೆಗೆ ಬಂದು ಸೇರಬೇಕು; ಆದ್ದರಿಂದ ಗೆಳೆಯರ ಗುಂಪಿಗೆ ಸರಿ, ಅಜ್ಜಿಗೆ ಸರಿಯಲ್ಲ. 64738ನೆಯ ಪೋರ್ಟಿನಲ್ಲಿ ಟಿಸಿಪಿ ಮಾತ್ರ ತೆರೆದು ಯುಡಿಪಿ ಮರೆತರೆ ಮಾತು ತಡೆದು ತಡೆದು ಬರುತ್ತದೆ.

ಮನೆಮಂದಿಗೆಲ್ಲ ಒಂದೊಂದು ಒಳಸಂಖ್ಯೆ, ಉತ್ತರಿಸುವ ಯಂತ್ರ, ಹಳೆಯ ಟೇಬಲ್ ಫೋನನ್ನೂ ಸೇರಿಸಿಕೊಳ್ಳುವ ಸೌಕರ್ಯ ಬೇಕಾದರೆ 1999ರಿಂದ ಇರುವ ಆಸ್ಟರಿಸ್ಕ್ ಇದೆ. ಇದರ ಬಗ್ಗೆ ಹಳೆಯ ಬರಹಗಳನ್ನು ನೋಡಿ ಕಟ್ಟುವವರಿಗೆ ಒಂದು ಎಚ್ಚರಿಕೆ: ಅವುಗಳಲ್ಲಿ ಹೇಳುವ, ಎಸ್‌ಐಪಿ ಕರೆಗಳನ್ನು ನಿಭಾಯಿಸುತ್ತಿದ್ದ ಚಾನ್‌ಸಿಪ್ ಮಾಡ್ಯೂಲನ್ನು 21ನೆಯ ಆವೃತ್ತಿಯಿಂದ ತೆಗೆದುಹಾಕಿದ್ದಾರೆ, ಈಗ ಪಿಜೆಸಿಪ್ ಮಾತ್ರ. ಒಂದು ಕಡೆಯ ಮಾತು ಕೇಳದಿದ್ದರೆ ಸರ್ವರಿನ ಹೊರವಿಳಾಸ ಮತ್ತು ಒಳಜಾಲದ ವಿವರ ತುಂಬಿದೆಯೇ, ‘ಡೈರೆಕ್ಟ್ ಮೀಡಿಯಾ’ ಆಫ್ ಇದೆಯೇ, ‘ಆರ್‌ಟಿಪಿ ಸಿಮೆಟ್ರಿಕ್’ ಮತ್ತು ‘ರಿರೈಟ್ ಕಾಂಟ್ಯಾಕ್ಟ್’ ಆನ್ ಇವೆಯೇ ಎಂದು ನೋಡಬೇಕು. ಸಿಜಿನ್ಯಾಟ್ ಇದ್ದವರಿಗೂ, ಇಲ್ಲದವರಿಗೂ ನನ್ನ ಸಲಹೆ ಒಂದೇ: 5060ನೆಯ ಪೋರ್ಟನ್ನು ಜಗತ್ತಿಗೆ ತೆರೆಯದೆ, ಮನೆಯ ಸರ್ವರ್ ಮತ್ತು ಎಲ್ಲರ ಫೋನುಗಳನ್ನು ಟೇಲ್‌ಸ್ಕೇಲ್‌ನಂಥ, ವೈರ್‌ಗಾರ್ಡ್ ಆಧಾರಿತ ಖಾಸಗಿ ಜಾಲಕ್ಕೆ ಸೇರಿಸಿ, ಕರೆಗಳನ್ನು ಅದರೊಳಗೇ ನಡೆಸಿ. ವಿಳಾಸದ ಗೊಂದಲ ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ, ನಡುರಾತ್ರಿಯ ತಡಕಾಟವೂ ನಿಲ್ಲುತ್ತದೆ. ಪ್ರತಿ ಫೋನಿನಲ್ಲೂ ಇನ್ನೊಂದು ಆ್ಯಪ್ ಸದಾ ಓಡುತ್ತಿರಬೇಕೆಂಬುದೇ ಇದರ ಬೆಲೆ. ಇದೂ ಒಂದು ಬಗೆಯ ವಿಪಿಎನ್ ಆದ್ದರಿಂದ, ವಿಪಿಎನ್‌ಗೆ ನಿರ್ಬಂಧವಿರುವ ದೇಶಗಳಲ್ಲಿರುವವರಿಗೆ ಈ ದಾರಿ ಬೇಡ.

ಇಲ್ಲಿಗೆ ನಿಲ್ಲಿಸಬೇಕಾದ ಎಡೆಗಳು

ಇಂಟರ್ನೆಟ್ಟಿನಲ್ಲಿ ಬಂದ ಹೊರದೇಶದ ಕರೆಗಳನ್ನು ಸಿಮ್ ಬಾಕ್ಸ್ (ಹಲವು ಸಿಮ್‌ಗಳನ್ನು ಹಾಕುವ ಪೆಟ್ಟಿಗೆ) ಮೂಲಕ ಸ್ಥಳೀಯ ಮೊಬೈಲ್‌ಗಳಿಗೆ ತಿರುಗಿಸುವುದು ಪರವಾನಗಿ ಇಲ್ಲದವರಿಗೆ ಭಾರತದಲ್ಲಿ ಅಪರಾಧ. ಬೆಂಗಳೂರಿನಲ್ಲಿಯೇ ಇಂಥ ಕಳ್ಳ ಎಕ್ಸ್‌ಚೇಂಜ್‌ಗಳನ್ನು ಪೊಲೀಸರು ಹಿಡಿದಿದ್ದಾರೆ. ಆಸ್ಟರಿಸ್ಕ್‌ಗೆ ಸಿಮ್ ಜೋಡಿಸುವ ಪೆಟ್ಟಿಗೆ ಅಗ್ಗವಾಗಿ ಸಿಗುತ್ತದೆಂದು ಪ್ರಯೋಗಕ್ಕೆ ಇಳಿಯಬಾರದು. ಮನೆಯ ಹಳೆಯ ಸ್ಥಿರ ದೂರವಾಣಿಯನ್ನು ಕಿತ್ತುಹಾಕಿ ಎಲ್ಲವನ್ನೂ ಇಂಟರ್ನೆಟ್ಟಿಗೆ ಒಪ್ಪಿಸುವವರು, ಸ್ವಂತ ಸರ್ವರಿನಿಂದ 112ಕ್ಕೆ ಕರೆ ಹೋಗುವುದಿಲ್ಲವೆಂಬುದನ್ನೂ, ಕರೆಂಟು ಹೋದಾಗ ರೌಟರ್ ಜೊತೆಗೆ ಫೋನೂ ಸುಮ್ಮನಾಗುತ್ತದೆಂಬುದನ್ನೂ ಮನೆಯ ಹಿರಿಯರಿಗೆ ತಿಳಿಸಿ, ಸಿಮ್ ಇರುವ ಒಂದು ಫೋನನ್ನು ಚಾರ್ಜ್ ಮಾಡಿ ಇಟ್ಟಿರಬೇಕು. ಸಿಡಿಲು ಬರುವ ಸೂಚನೆ ಕಂಡಾಗ ರೌಟರಿನ ಅಡಾಪ್ಟರನ್ನೂ, ತಾಮ್ರದ ತಂತಿ ಇದ್ದರೆ ಅದನ್ನೂ ಮೊದಲೇ ಕಳಚಿಡಬೇಕು. ಗುಡುಗು ಆರಂಭವಾದ ಮೇಲೆ ಮುಟ್ಟಬಾರದು.

ನೆರವಿಗಾಗಿ ಹುಡುಕುವಾಗ ಸರ್ಚ್‌ನಲ್ಲಿ ಮೊದಲು ಕಂಡ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆ ಮಾಡದೆ, ಆ್ಯಪ್ ಒಳಗಿನ ಅಥವಾ ಬಿಲ್ಲಿನ ಮೇಲಿನ ಸಂಖ್ಯೆಯನ್ನೇ ಬಳಸಿ. ದೋಷ ಸರಿಪಡಿಸುವ ನೆಪದಲ್ಲಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಲು ಹೇಳಿದರೆ ಅಥವಾ ಒಟಿಪಿ ಕೇಳಿದರೆ ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಬ್ರಾಡ್‌ಬ್ಯಾಂಡ್‌ನವರಿಗೆ ದೂರುವಾಗ ‘ಕರೆ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತದೆ. ಲ್ಯಾನ್ ಕೇಬಲ್ ಹಾಕಿ ಮಾಡಿದ ಪಿಂಗ್‌ನ ಫಲಿತಾಂಶ, ದಿನಾಂಕ, ವೇಳೆ, ಕಳೆದುಹೋದ ಪ್ಯಾಕೆಟ್‌ಗಳ ಪ್ರಮಾಣ, ಮೊಬೈಲ್ ಡೇಟಾದಲ್ಲಿ ಅದೇ ಕರೆ ಸರಿಯಾಗಿತ್ತೆಂಬ ಮಾಹಿತಿ, ಇಷ್ಟನ್ನೂ ಬರಹದಲ್ಲಿ ಕೊಟ್ಟು ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಗ್ರಾಹಕರಿಗಿದೆ, ಮತ್ತು ಅಲ್ಲಿ ಮೊದಲು ಕೇಳುವುದು ಆ ಡಾಕೆಟ್ ಸಂಖ್ಯೆಯನ್ನೇ.